ಈಯದ ಚೊಂಬು, ಬಣ್ಣದ ಗಾಜು

ಸೀತಾಲಕ್ಷ್ಮಿ ಕೆಲಸದಿಂದ ನಿವೃತ್ತಳಾದ ಮರುದಿನ ಬೆಳಗಾಗುವಷ್ಟರಲ್ಲಿ ಮನೆಯ ಮಂದಿ ಅವಳಿಗೊಂದೊಂದು ಕೆಲಸ ಗೊತ್ತುಮಾಡಿ ಇಟ್ಟಿದ್ದರು. ಗಂಡ ಬದರಿನಾಥರಿಗೆ ಹನ್ನೊಂದು ಗಂಟೆಗೆ ಎರಡನೇ ಕಾಫಿ ಬೇಕಿತ್ತು. ಮಹಡಿಯ ಕೋಣೆಯಲ್ಲಿ ಕೂತು ಆಫೀಸು ನಡೆಸುವ ಮಗ ಭಾರ್ಗವನಿಗೆ, ಪಾರ್ಸೆಲ್ ತರುವವರು ಬಂದಾಗ ಬಾಗಿಲು ತೆರೆಯುವವರು ಬೇಕಿತ್ತು. ಸೊಸೆ ಇಂಚರಳಿಗೆ, ನಾಲ್ಕು ವರ್ಷದ ಸಮನ್ವಿತಾಳನ್ನು ಮಧ್ಯಾಹ್ನ ಸ್ಕೂಲ್ ವ್ಯಾನಿನಿಂದ ಇಳಿಸಿಕೊಳ್ಳುವವರು ಬೇಕಿತ್ತು. ಏನೂ ಕೇಳದೆ ಇದ್ದವರು ಎಂಬತ್ತೇಳು ವರ್ಷದ ಅತ್ತೆ ಅಮ್ಮಣ್ಣಿ ಒಬ್ಬರೇ. ಅವರಿಗೆ ಅವರದೇ ಕೆಲಸವಿತ್ತು.

ಅಮ್ಮಣ್ಣಿಯವರ ಕೆಲಸ ಸಾರು. ಜಯನಗರ ಎಂಟನೇ ಬ್ಲಾಕಿನ ಆ ಮನೆಯಲ್ಲಿ ಅನ್ನ, ಪಲ್ಯ, ಚಪಾತಿ ಯಾರು ಬೇಕಾದರೂ ಮಾಡಬಹುದಿತ್ತು. ಸಾರು ಮಾತ್ರ ಅವರದು. ಒಂಬತ್ತಕ್ಕೆ ಸ್ನಾನ ಮುಗಿಸಿ, ಒದ್ದೆ ಕೂದಲಿಗೆ ತುದಿಗಂಟು ಹಾಕಿಕೊಂಡು ಒಲೆಯ ಮುಂದೆ ನಿಂತರೆ, ಹತ್ತರ ಹೊತ್ತಿಗೆ ಇಂಗು ಕರಿಬೇವಿನ ಒಗ್ಗರಣೆ ಇಡೀ ಬೀದಿಗೆ ಗೊತ್ತಾಗುತ್ತಿತ್ತು. ಆ ಸಾರು ಕುದಿಯುತ್ತಿದ್ದದ್ದು ಈಯದ ಚೊಂಬಿನಲ್ಲಿ. ಈಯ ಎಂದರೆ ತವರ. ಅಮ್ಮಣ್ಣಿಯವರ ಮದುವೆಗೆಂದು ಅವರ ತಂದೆ ಕುಂಭಕೋಣಕ್ಕೇ ಹೋಗಿ ತಂದ ಚೊಂಬು ಅದು. ಹೊಟ್ಟೆ ದಪ್ಪ, ಕಂಠ ಸಣ್ಣ, ಬಣ್ಣ ಮಂಕು ಬೆಳ್ಳಿ. ಅದಕ್ಕೊಂದು ಕಟ್ಟುನಿಟ್ಟಿತ್ತು: ಮೊದಲು ನೀರು, ಆಮೇಲೆ ಒಲೆ. ಬರಿದಾಗಿ ಉರಿಯ ಮೇಲಿಟ್ಟರೆ ಎರಡು ನಿಮಿಷದಲ್ಲಿ ಬೆಣ್ಣೆಯ ಹಾಗೆ ಕರಗಿಹೋಗುತ್ತದೆ. ಸೀತಾಲಕ್ಷ್ಮಿ ಸೇರಕ್ಕಿ ಒದ್ದು ಒಳಗೆ ಬಂದ ದಿನವೇ ಅತ್ತೆ ಈ ಮಾತು ಹೇಳಿದ್ದರು. ಮೂವತ್ತು ವರ್ಷದ ನಂತರ ಇಂಚರಳಿಗೂ ಹೇಳಿದರು. ಇಂಚರ ಅಂದಿನಿಂದ ಆ ಚೊಂಬನ್ನು ಮುಟ್ಟುವ ಗೋಜಿಗೇ ಹೋಗಲಿಲ್ಲ.

ಸೀತಾಲಕ್ಷ್ಮಿ ಸರ್ಕಾರಿ ಆಸ್ಪತ್ರೆಯ ಲ್ಯಾಬಿನಲ್ಲಿ ಮೂವತ್ತನಾಲ್ಕು ವರ್ಷ ರಕ್ತ ಪರೀಕ್ಷೆ ಮಾಡಿದವಳು. ಗಾಜಿನ ಪಟ್ಟಿಯ ಮೇಲೆ ಒಂದು ಹನಿ ರಕ್ತ ಎಳೆದು, ಬಣ್ಣ ಹಾಕಿ, ತೊಳೆದು, ಒಣಗಿಸಿ ಸೂಕ್ಷ್ಮದರ್ಶಕದ ಕೆಳಗಿಟ್ಟರೆ ತಿಳಿ ಗುಲಾಬಿಯ ನೂರಾರು ಬಿಲ್ಲೆಗಳು, ನಡುವೆ ಅಲ್ಲೊಂದು ಇಲ್ಲೊಂದು ಗಾಢ ನೇರಳೆ. ಕಾಯಿಲೆಯವರ ಸಂಕಟ ಅದರಲ್ಲಿದೆ ಎಂಬುದು ಗೊತ್ತಿದ್ದರೂ, ನೋಡುವುದಕ್ಕೆ ಚೆಂದ ಎಂಬುದನ್ನು ಅವಳು ಒಂದು ದಿನವೂ ಮರೆಯಲಿಲ್ಲ. ಚೆಂದ ಎಂದು ಯಾರಿಗಾದರೂ ಹೇಳುವ ಹಾಗಿರಲಿಲ್ಲ, ಅಷ್ಟೆ. ಬೀಳ್ಕೊಡುಗೆಯ ದಿನ ಶಾಲು, ಹಣ್ಣಿನ ಬುಟ್ಟಿ, ಗೋಡೆ ಗಡಿಯಾರ ಕೊಟ್ಟು ಕಳಿಸಿದರು. ಸೂಕ್ಷ್ಮದರ್ಶಕ ಅಲ್ಲೇ ಉಳಿಯಿತು.

ಜೂನ್ ತಿಂಗಳಲ್ಲಿ ಕುಮಾರಸ್ವಾಮಿ ಲೇಔಟಿನಲ್ಲಿ ಯಾರದೋ ನಾಮಕರಣಕ್ಕೆ ಹೋದವಳು, ಬಸ್ ಸ್ಟಾಪಿನ ಎದುರಿನ ಮಹಡಿಯ ಕಿಟಕಿಯಲ್ಲಿ ಬಣ್ಣದ ಗಾಜಿನ ಒಂದು ಫಲಕ ನೋಡಿದಳು. ಹಿಂದಿನಿಂದ ಬಿಸಿಲು ಬಿದ್ದು ಗಾಜಿನ ಒಳಗೇ ದೀಪ ಹಚ್ಚಿಟ್ಟಂತೆ ಹೊಳೆಯುತ್ತಿತ್ತು. ಎರಡು ಬಸ್ಸು ಬಿಟ್ಟುಕೊಟ್ಟು ನಿಂತಳು. ಮೂರನೆಯದು ಬರುವ ಮೊದಲು ಮೆಟ್ಟಿಲು ಹತ್ತಿದಳು. ಮೇಲೆ ಮೈತ್ರೇಯಿ ಎಂಬ ಹುಡುಗಿ ಸ್ಟೇನ್ಡ್ ಗ್ಲಾಸ್ ಕಲಿಸುತ್ತಿದ್ದಳು. ಮಂಗಳವಾರ ಮತ್ತು ಶುಕ್ರವಾರ, ಬೆಳಿಗ್ಗೆ ಹತ್ತೂವರೆಗೆ.

ಮನೆಯಲ್ಲಿ ಹೇಳಿದಾಗ ಬದರಿನಾಥರು ಪೇಪರ್ ಕೆಳಗಿಟ್ಟರು.

“ಈ ವಯಸ್ಸಿಗೆ ಗಾಜು ಕುಯ್ಯಕ್ಕೆ ಹೋಗ್ತೀಯಾ? ಭಜನೆಗೋ ವಾಕಿಂಗ್‌ಗೋ ಹೋಗಬಾರದಾ?”

“ಮೂವತ್ತನಾಲ್ಕು ವರ್ಷ ಊರೋರಿಗೆಲ್ಲ ಸೂಜಿ ಚುಚ್ಚಿದೀನಿ ರೀ. ಗಾಜಿಗೇನು ಹೆದರೋದು?”

ಅಮ್ಮಣ್ಣಿಯವರ ತಕರಾರು ಬೇರೆ. ಶುಕ್ರವಾರ ಹತ್ತೂವರೆಗೆ ರಾಹುಕಾಲ ಶುರುವಾಗುತ್ತದೆ. ಅವರು ಸ್ವಲ್ಪ ಯೋಚಿಸಿ ತಾವೇ ದಾರಿ ತೋರಿಸಿದರು. “ಹತ್ತೂಕಾಲಿಗೇ ಹೋಗಿ ಒಂದು ಗೀಟು ಎಳೆದುಬಿಡು. ಆಮೇಲೆ ರಾಹು ಏನು ಮಾಡ್ತಾನೆ.”

ಕೆಲಸದ ಕ್ರಮ ಕೇಳಲು ಸುಲಭ. ಗಾಜಿನ ಮೇಲೆ ಕಟ್ಟರಿನಿಂದ ಗೀರಿ, ಎರಡು ಕಡೆ ಹಿಡಿದು ಮುರಿಯಬೇಕು. ಅಂಚನ್ನು ನೀರು ಹಾಕಿ ಉಜ್ಜಬೇಕು. ಪ್ರತಿ ತುಂಡಿನ ಸುತ್ತ ತಾಮ್ರದ ತೆಳು ಪಟ್ಟಿ ಅಂಟಿಸಬೇಕು. ತುಂಡುಗಳನ್ನು ಜೋಡಿಸಿ, ತಾಮ್ರದ ಮೇಲೆ ಬಿಸಿ ಬೆಸುಗೆ ಹರಿಸಿದರೆ ಎಲ್ಲವೂ ಒಂದಾಗುತ್ತದೆ. ಹೊಸಬರು ಚೌಕದಿಂದ ಶುರು ಮಾಡಬೇಕು, ದುಂಡಗೆ ಕೊರೆಯುವುದು ಕಷ್ಟ ಎಂದು ಮೈತ್ರೇಯಿ ಹೇಳಿದಳು. ಸೀತಾಲಕ್ಷ್ಮಿ ನಾಲ್ಕು ತರಗತಿ ಚೌಕ ಕೊರೆದಳು. ಐದನೆಯ ದಿನ ಗುಲಾಬಿ ಗಾಜು ತೆಗೆದುಕೊಂಡು ದುಂಡು ಬಿಲ್ಲೆ ಕೊರೆಯಲು ಕೂತಳು. ಒಂಬತ್ತು ಒಡೆದವು. ಹತ್ತನೆಯದು ಬಂತು.

ಜುಲೈ ಹೊತ್ತಿಗೆ ಸರಂಜಾಮು ಮನೆಗೆ ಬಂದು ಊಟದ ಮೇಜಿನ ಮೇಲೆ ಕೂತಿತು. ಜಗಳವೂ ಅದರ ಹಿಂದೆಯೇ ಬಂತು. ಬದರಿನಾಥರು ಪೇಪರ್ ಹರಡಲು ಜಾಗವಿಲ್ಲ ಎಂದು ಗೊಣಗಿದರು. ಗುಲಾಬಿ ಬಿಲ್ಲೆಗಳನ್ನು ತೋರಿಸಿ ಇದೇನು ಹಾಗಲಕಾಯಿ ಹೋಳೋ ಎಂದು ಕೇಳಿದರು. ರಕ್ತ ಎಂದು ಅವಳು ಹೇಳಿದಾಗ, ಊಟದ ಮೇಜಿನ ಮೇಲೆ ಬೇರೆ ಏನೂ ಸಿಗಲಿಲ್ಲವೇ ಎಂದರು. ಇಂಚರ ಗೊಣಗುವವಳಲ್ಲ, ಓದುವವಳು. ಬೆಸುಗೆಯ ತಂತಿಯಲ್ಲಿ ಅರ್ಧದಷ್ಟು ಸೀಸ ಇರುತ್ತದೆ, ಮಗುವಿರುವ ಮನೆಯಲ್ಲಿ ಸೀಸ ವಿಷ ಎಂದು ಓದಿಕೊಂಡು ಬಂದು ಫೋನಿನಲ್ಲಿ ತೋರಿಸಿದಳು. ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಸೀಸವಿಲ್ಲದ ತಂತಿ ತರಿಸಿಕೊಳ್ಳುತ್ತೇನೆ ಎಂದು ಸೀತಾಲಕ್ಷ್ಮಿ ಒಪ್ಪಿದಳು. ಅದು ಅಂಗಡಿಯಲ್ಲಿ ಸುಲಭವಾಗಿ ಸಿಗುವಂಥದಲ್ಲ. ಬರುವವರೆಗೆ ಬಿಲ್ಲೆಗಳನ್ನು ಕೊರೆದು ತಾಮ್ರ ಸುತ್ತಿಡುವುದು, ಅಷ್ಟೆ.

ಅದೇ ವಾರ ಸಮನ್ವಿತಾಳ ಹಿಮ್ಮಡಿಗೆ ಗಾಜಿನ ಚೂರು ಚುಚ್ಚಿತು. ದೊಡ್ಡದೇನಲ್ಲ, ಕೂದಲೆಳೆಯಷ್ಟು. ಸೀತಾಲಕ್ಷ್ಮಿಯೇ ಸೂಜಿಯಿಂದ ತೆಗೆದಳು. ಮಗು ಅಳಲಿಲ್ಲ, ಇಂಚರಳ ಕಣ್ಣಲ್ಲಿ ಮಾತ್ರ ನೀರಾಡಿತು.

“ಅತ್ತೆ, ನೀವು ಮಾಡಬೇಡಿ ಅಂತ ನಾನು ಹೇಳ್ತಿಲ್ಲ. ಆದ್ರೆ ಇವಳು ಓಡಾಡೋ ಜಾಗದಲ್ಲಿ ಹೇಗೆ?”

“ಇವಳು ಸ್ಕೂಲಿಗೆ ಹೋದ್ಮೇಲೆ ಕೂರ್ತೀನಮ್ಮ. ಬರೋ ಹೊತ್ತಿಗೆ ನೆಲ ಒರೆಸಿ, ಟಾರ್ಚ್ ಹಾಕಿ ನೋಡ್ತೀನಿ.”

ಹಾಗೇ ಮಾಡಿದಳು. ಒಂಬತ್ತರಿಂದ ಹನ್ನೆರಡು ಅವಳ ಹೊತ್ತಾಯಿತು. ಊಟದ ಮನೆಯಿಂದ ಅಡುಗೆಮನೆಯ ಬಾಗಿಲು ಕಾಣುತ್ತದೆ, ಒಲೆ ಕಾಣುವುದಿಲ್ಲ. ಒಳಗೆ ಅಮ್ಮಣ್ಣಿ ಹುಣಿಸೆ ಕಿವುಚುವರು. ಹೊರಗೆ ಸೀತಾಲಕ್ಷ್ಮಿ ತಾಮ್ರ ಸುತ್ತುವಳು. ಇಬ್ಬರೂ ಮಾತಾಡುವುದಿಲ್ಲ. ಮದುವೆಯಾಗಿ ಬಂದ ಮೇಲೆ ಅತ್ತೆಯೊಡನೆ ಇಷ್ಟು ನೆಮ್ಮದಿಯಾಗಿ ಒಂದೇ ಹೊತ್ತಿನಲ್ಲಿ ಬೇರೆ ಬೇರೆ ಕೆಲಸ ಮಾಡಿದ್ದು ಇದೇ ಮೊದಲು ಎಂದು ಅವಳಿಗೆ ಒಂದು ದಿನ ಅನ್ನಿಸಿತು. ಅನ್ನಿಸಿ ಖುಷಿಯಾಯಿತು.

ಆಗಸ್ಟಿನಲ್ಲಿ ಅಮ್ಮಣ್ಣಿ ಗ್ಯಾಸ್ ತಿರುಗಿಸಿ, ಹೊತ್ತಿಸುವುದನ್ನು ಮರೆತು ದೇವರ ಕೋಣೆಗೆ ಹೋಗಿಬಿಟ್ಟರು. ವಾಸನೆ ಹಿಡಿದು ಮಹಡಿಯಿಂದ ಓಡಿ ಬಂದವನು ಭಾರ್ಗವ. ಕಿಟಕಿ ತೆರೆದ, ಫ್ಯಾನ್ ಹಾಕಬೇಡಿ ಎಂದ, ಆಮೇಲೆ ಅಜ್ಜಿಗೆ ಕೇಳುವಂತೆಯೇ ಅಮ್ಮನಿಗೆ ಹೇಳಿದ.

“ಇನ್ನೊಂದ್ ಸಲ ಹೀಗಾದ್ರೆ ಅಜ್ಜಿ ಒಲೆ ಹತ್ರ ಹೋಗೋ ಹಾಗಿಲ್ಲ. ನಾನು ಇಂಡಕ್ಷನ್ ತಂದುಬಿಡ್ತೀನಿ. ಅದಕ್ಕೆ ಆ ಚೊಂಬು ಆಗಲ್ಲ, ಏನು ಮಾಡೋದು.”

ಅಂದು ಸಾರಿಗೆ ಉಪ್ಪು ಎರಡು ಸಲ ಬಿದ್ದಿತ್ತು, ಎಲ್ಲರೂ ಹಾಗೇ ಉಂಡೆದ್ದರು.

ಅದಾದ ಎಂಟನೇ ದಿನ. ಸೀತಾಲಕ್ಷ್ಮಿ ಕೊನೆಗುಳಿದ ಒಂದೇ ನೇರಳೆ ತುಂಡಿಗೆ ಪಟ್ಟಿ ಸುತ್ತುತ್ತಿದ್ದಳು. ಅಡುಗೆಮನೆಯಿಂದ ಒಂದು ಬಗೆಯ ಕಾದ ವಾಸನೆ ಬಂತು, ಒಗ್ಗರಣೆಯದಲ್ಲ. ಎದ್ದು ಹೋಗಿ ನೋಡಿದರೆ ಈಯದ ಚೊಂಬು ಒಲೆಯ ಮೇಲೆ ಒಂದು ಮಗ್ಗುಲಿಗೆ ಕುಸಿದಿತ್ತು. ತಳವಿರಲಿಲ್ಲ. ಬರ್ನರಿನ ಸುತ್ತ ಬೆಳ್ಳಿಯಂಥ ದ್ರವ ಮೆಲ್ಲಗೆ ಹರಿದು, ಕಟ್ಟೆಯ ಕಲ್ಲಿನ ಮೇಲೆ ಇಳಿದು ಗಟ್ಟಿಯಾಗುತ್ತಿತ್ತು. ಅವಳು ನೋಡುತ್ತಿದ್ದಂತೆ ಕಂಠವೂ ಬಾಗಿ ಕೆಳಗಿಳಿಯಿತು. ಹುಣಿಸೆ ನೀರಿನ ಪಾತ್ರೆ ಪಕ್ಕದಲ್ಲೇ ತುಂಬಿತ್ತು. ಅಮ್ಮಣ್ಣಿ ಸಾರಿನ ಪುಡಿಯ ಡಬ್ಬಿ ಹಿಡಿದು ಅಲ್ಲೇ ನಿಂತಿದ್ದರು.

ಸೀತಾಲಕ್ಷ್ಮಿ ಗ್ಯಾಸ್ ಆರಿಸಿದಳು. ಅಷ್ಟರಲ್ಲಿ ಬದರಿನಾಥರೂ ಭಾರ್ಗವನೂ ಬಂದರು.

“ಅಯ್ಯೋ, ಅಮ್ಮನ ಚೊಂಬು,” ಎಂದರು ಬದರಿನಾಥರು. “ಯಾರು ಇಟ್ಟಿದ್ದು ಇದನ್ನ?”

ಅಮ್ಮಣ್ಣಿ ಬಾಯಿ ತೆರೆದರು. ಭಾರ್ಗವ ಅಜ್ಜಿಯ ಕಡೆ ತಿರುಗುತ್ತಿದ್ದ.

“ನಾನು,” ಎಂದಳು ಸೀತಾಲಕ್ಷ್ಮಿ. “ನೀರು ಕಾಯಿಸೋಣ ಅಂತ ಇಟ್ಟೆ. ಹಾಕೋದು ಮರೆತೆ.”

“ಗಾಜು ಸುತ್ತಾ ಕೂತಿದ್ದೆ ತಾನೆ?”

“ಹೌದು.”

ಬದರಿನಾಥರು ಹಣೆ ಚಚ್ಚಿಕೊಂಡರು. ಅರವತ್ತೆಂಟು ವರ್ಷ ಬಾಳಿದ ಚೊಂಬು, ಅಮ್ಮನಿಗೆ ತೌರಿನದೆಂದು ಉಳಿದದ್ದು ಅದೊಂದೇ, ಹಾಳು ಗಾಜಿನ ಹುಚ್ಚಿಗೆ ಅದೂ ಹೋಯಿತು ಎಂದು ಹತ್ತು ನಿಮಿಷ ಹೇಳಿದರು. ಭಾರ್ಗವ ಅಪ್ಪನಷ್ಟು ಕೂಗಲಿಲ್ಲ.

“ಅಮ್ಮ, ಸ್ವಲ್ಪ ದಿನ ಇದನ್ನ ನಿಲ್ಲಿಸು. ಪ್ಲೀಸ್. ಮನೇಲಿ ಮಗು ಇದೆ, ಅಜ್ಜಿ ಇದಾರೆ. ನಿನ್ನ ಗಮನವೆಲ್ಲ ಅದರ ಮೇಲೇ ಇದ್ರೆ ನಾವು ಯಾರನ್ನ ನಂಬೋದು?”

ಆ ಮಾತು ಅವಳಿಗೆ ನೇರವಾಗಿ ನಾಟಿತು. ಮೂವತ್ತನಾಲ್ಕು ವರ್ಷದಲ್ಲಿ ಒಬ್ಬರ ರಕ್ತವನ್ನು ಇನ್ನೊಬ್ಬರದೆಂದು ಬರೆದವಳಲ್ಲ ಅವಳು. ಆದರೂ ಆಗಲಿ ಎಂದಳು. ಬಿಲ್ಲೆಗಳನ್ನು ಒಂದೊಂದಾಗಿ ಪೇಪರಿನಲ್ಲಿ ಸುತ್ತಿ, ಹಣ್ಣಿನ ರಟ್ಟಿನ ಡಬ್ಬಿಗೆ ತುಂಬಿ, ಸ್ಟೂಲು ಹತ್ತಿ ಅಟ್ಟಕ್ಕೆ ಹಾಕಿದಳು. ಮೈತ್ರೇಯಿಗೆ ಫೋನ್ ಮಾಡಿ ಇನ್ನು ಬರುವುದಿಲ್ಲ ಎಂದು ತಿಳಿಸಿದಳು.

ಇದೆಲ್ಲ ದೊಡ್ಡ ಮನಸ್ಸಿನಿಂದ ಮಾಡಿದ್ದೆಂದು ಯಾರೂ ತಿಳಿಯಬೇಕಾಗಿಲ್ಲ. ನಾನು ಎಂಬ ಮಾತು ಯೋಚಿಸುವ ಮೊದಲೇ ಬಾಯಿಂದ ಬಂದಿತ್ತು. ಸಂಜೆಯ ಹೊತ್ತಿಗೆ ಅವಳಿಗೆ ಎಲ್ಲರ ಮೇಲೂ ಸಿಟ್ಟು ಬಂತು. ಗಂಡನ ಮೇಲೆ, ಮಗನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಸುಮ್ಮನೆ ನಿಂತಿದ್ದ ಅತ್ತೆಯ ಮೇಲೆ. ಮರುದಿನ ಒಂಬತ್ತು ಗಂಟೆಗೆ ಅಮ್ಮಣ್ಣಿ ಸ್ನಾನ ಮುಗಿಸಿ, ತುದಿಗಂಟು ಹಾಕಿಕೊಂಡು, ಸ್ಟೀಲ್ ಪಾತ್ರೆ ಹಿಡಿದು ಒಲೆಯ ಮುಂದೆ ಬಂದು ನಿಂತಾಗ ಸಿಟ್ಟು ಅರ್ಧ ಇಳಿಯಿತು. ಇನ್ನರ್ಧ ಹಾಗೇ ಉಳಿಯಿತು. ಅತ್ತೆಗೆ ನಡೆದದ್ದು ನೆನಪಿದೆಯೋ ಇಲ್ಲವೋ ಎಂಬುದೂ ಅವಳಿಗೆ ಗೊತ್ತಾಗಲಿಲ್ಲ. ಕೇಳುವ ಧೈರ್ಯ ಬರಲಿಲ್ಲ.

ಮೂರು ವಾರ ಮನೆ ತಣ್ಣಗಿತ್ತು. ಬದರಿನಾಥರ ಪೇಪರು ಇಡೀ ಮೇಜಿನ ಮೇಲೆ ಹರಡಿತು. ಹನ್ನೊಂದಕ್ಕೆ ಕಾಫಿ ಬಂತು. ಪಾರ್ಸೆಲಿನವರಿಗೆ ಬಾಗಿಲು ತೆರೆಯಿತು. ಆ ಪಾರ್ಸೆಲುಗಳಲ್ಲಿ ಸೀಸವಿಲ್ಲದ ತಂತಿ ಮಾತ್ರ ಇರಲಿಲ್ಲ. ಅದು ಸದ್ಯಕ್ಕೆ ಲಭ್ಯವಿಲ್ಲ ಎಂದು ಅಂಗಡಿಯವರು ತಿಳಿಸಿದ್ದನ್ನು ಅವಳು ಯಾರಿಗೂ ಹೇಳಲಿಲ್ಲ, ಹೇಳಿ ಆಗಬೇಕಾದ್ದೂ ಇರಲಿಲ್ಲ. ಅಮ್ಮಣ್ಣಿ ದಿನವೂ ತಾವೇ ಮಾಡಿದ ಸಾರನ್ನು ಒಂದು ಗುಟುಕು ಕುಡಿದು, ಸ್ಟೀಲಿನಲ್ಲಿ ರುಚಿ ಬರುವುದಿಲ್ಲ ಎಂದು ಮುಖ ಕಿವುಚಿ ಅನ್ನಕ್ಕೆ ಕಲಸಿಕೊಳ್ಳುತ್ತಿದ್ದರು. ಗೌರಿ ಹಬ್ಬ ಬಂತು, ಗಣೇಶನೂ ನೀರಿಗೆ ಹೋದ. ಅಜ್ಜಿ ಪಿಂಕ್ ಬಿಲ್ಲೆ ಎಲ್ಲಿ ಎಂದು ಸಮನ್ವಿತಾ ಎರಡು ಸಲ ಕೇಳಿದಳು. ಮಲಗಿವೆ ಎಂದು ಸೀತಾಲಕ್ಷ್ಮಿ ಹೇಳಿದಳು.

ಈ ಮೂರು ವಾರದಲ್ಲಿ ಚೊಂಬಿನ ಕಥೆ ಮಾತ್ರ ಬೆಳೆಯುತ್ತಲೇ ಹೋಯಿತು. ಬದರಿನಾಥರು ಹಬ್ಬಕ್ಕೆ ಬಂದವರಿಗೆ ಹೇಳಿದರು, ಎದುರುಮನೆಯವರಿಗೆ ಹೇಳಿದರು, ಪಾರ್ಕಿನ ಗೆಳೆಯರಿಗೆ ಹೇಳಿದರು. ಒಂದೊಂದು ಸಲಕ್ಕೂ ಒಂದಿಷ್ಟು ಮಸಾಲೆ ಸೇರಿತು. ಮೊದಲು ಸೀತಾಲಕ್ಷ್ಮಿ ಕರೆದರೂ ಓಗೊಡದೆ ಕೂತಿದ್ದಳು. ಆಮೇಲಾಮೇಲೆ ಅಡುಗೆಮನೆಗೆ ಬೆಂಕಿಯೇ ಹತ್ತಿಕೊಳ್ಳುವುದರಲ್ಲಿತ್ತು. ಒಂದು ಭಾನುವಾರ ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತಿದ್ದಾಗ ಮೈಸೂರಿನಿಂದ ಅವರ ತಂಗಿಯ ಫೋನು ಬಂತು. ಎಂಜಲು ಕೈಯೆಂದು ಎಡಗೈಯಲ್ಲಿ ಸ್ಪೀಕರ್ ಒತ್ತಿ, ಅನ್ನ ಕಲಸುತ್ತ ಕಥೆ ಶುರು ಮಾಡಿದರು. ನಿನ್ನ ಅತ್ತಿಗೆಗೆ ರಿಟೈರ್ ಆದ ಮೇಲೆ ಒಂದು ಹುಚ್ಚು ಹಿಡಿದಿತ್ತು ಎಂಬಲ್ಲಿಗೆ ಬಂದಿದ್ದರು.

“ಬದರಿ, ಫೋನ್ ಇಡು,” ಎಂದರು ಅಮ್ಮಣ್ಣಿ.

“ಇರಮ್ಮ, ಮಾತಾಡ್ತಿದೀನಿ.”

“ಇಡು ಅಂದೆ.”

ಅರವತ್ತಾರು ವರ್ಷದ ಬದರಿನಾಥರು ಫೋನ್ ಇಟ್ಟರು.

“ಚೊಂಬು ಇಟ್ಟಿದ್ದು ನಾನು,” ಎಂದರು ಅಮ್ಮಣ್ಣಿ. ದನಿ ಎತ್ತರಿಸಲಿಲ್ಲ, ತಟ್ಟೆಯಿಂದ ಕಣ್ಣೂ ಎತ್ತಲಿಲ್ಲ. “ಹುಣಿಸೆ ನೀರು ಹಾಕಿದೀನಿ ಅಂತಲೇ ಅನ್ಕೊಂಡಿದ್ದೆ. ನೋಡಿದ್ರೆ ಪಕ್ಕದಲ್ಲೇ ಇತ್ತು. ಸೀತ ಬಂದಿದ್ದು ಆಮೇಲೆ.”

ಭಾರ್ಗವ ತಾಯಿಯ ಮುಖ ನೋಡಿದ.

“ಮತ್ತೆ ಆವತ್ತೇ ಯಾಕೆ ಹೇಳ್ಲಿಲ್ಲಮ್ಮ?” ಎಂದರು ಬದರಿನಾಥರು.

“ಹೆದರಿಕೊಂಡೆ ಕಣೋ. ಒಲೆ ಬಿಡಿಸಿಬಿಟ್ರೆ ಬೆಳಗಿಂದ ಸಂಜೆ ತನಕ ಏನು ಮಾಡಲಿ ನಾನು? ಇವಳು ‘ನಾನು’ ಅಂದ್ಲು, ನಾನು ಬಾಯಿ ಮುಚ್ಕೊಂಡು ನಿಂತೆ. ಇವಳಿಗೆ ಅಂತ ಇದ್ದಿದ್ದು ಅದೊಂದು. ಅದು ಅಟ್ಟ ಸೇರ್ತು. ದಿನಾ ಆ ಮೇಜು ದಾಟ್ಕೊಂಡು ಬಂದು ಸಾರು ಮಾಡ್ತಿದೀನಿ, ಗಂಟಲಲ್ಲಿ ಇಳಿಯಲ್ಲ.” ಅವರು ಕೈಯನ್ನು ತಟ್ಟೆಯಲ್ಲೇ ಬಿಟ್ಟಿದ್ದರು. “ಅದು ಸ್ಟೀಲಿನ ತಪ್ಪಲ್ಲ. ನಾಳೆಯಿಂದ ಒಲೆ ಬಿಡ್ತೀನಿ. ಮೇಜು ಅವಳಿಗೆ ಕೊಡಿ.”

ಸೀತಾಲಕ್ಷ್ಮಿಗೆ ಅಳು ಬಂತು. ಉಳಿದಿದ್ದ ಅರ್ಧ ಸಿಟ್ಟು ಎಲ್ಲಿ ಹೋಯಿತೋ ಗೊತ್ತಾಗಲಿಲ್ಲ. ಮಜ್ಜಿಗೆ ಬೇಕು ಎಂದು ಸಮನ್ವಿತಾ ತಟ್ಟೆ ತಟ್ಟಿದ್ದರಿಂದ ಎದ್ದು ಬಡಿಸಿದಳು, ಒಳ್ಳೆಯದೇ ಆಯಿತು.

“ನೀನ್ಯಾಕಮ್ಮ ‘ನಾನು’ ಅಂದೆ?” ಭಾರ್ಗವನ ದನಿ ಸಣ್ಣದಾಗಿತ್ತು.

“ನೀನು ಅಜ್ಜಿ ಕಡೆ ತಿರುಗ್ತಿದ್ದೆ.”

ಅವನು ತಲೆ ತಗ್ಗಿಸಿದ. ಆದರೂ ಅಜ್ಜಿ ಒಬ್ಬರೇ ಒಲೆಯ ಹತ್ತಿರ ಇರುವುದು ಅಪಾಯವೇ, ಇವತ್ತು ಚೊಂಬು ಹೋಯಿತು, ನಾಳೆ ಸೆರಗಿಗೆ ಹತ್ತಿಕೊಂಡರೆ ಎಂದು ಮೆಲ್ಲಗೆ ಹೇಳಿದ. ಅದು ಸುಳ್ಳಾಗಿರಲಿಲ್ಲ. ಅಮ್ಮಣ್ಣಿಯೇ ಹೌದೆಂದು ತಲೆಯಾಡಿಸಿದರು.

ಇಂಚರ ಎದ್ದು ಕೈ ತೊಳೆದು, ಡ್ರಾಯರಿನಿಂದ ಅಳತೆ ಟೇಪು ತೆಗೆದುಕೊಂಡು ಅಡುಗೆಮನೆಯ ಹಿಂದಿನ ಯುಟಿಲಿಟಿಗೆ ಹೋದಳು. ಒಂದೆರಡು ನಿಮಿಷ ಟೇಪು ಎಳೆಯುವ ಸದ್ದು ಕೇಳಿತು. ಬಾಗಿಲಲ್ಲಿ ನಿಂತು ಹೇಳಿದಳು.

“ವಾಷಿಂಗ್ ಮೆಷಿನ್ ಕೆಳಗಿನ ಬಾತ್‌ರೂಮಲ್ಲಿ ಹಿಡಿಯತ್ತೆ. ಇಲ್ಲಿ ಮೂರು ಅಡಿ ಮೇಜು ಹಾಕ್ಬಹುದು. ಬೆಳಿಗ್ಗೆ ಬಿಸಿಲೂ ಬರತ್ತೆ. ಕೂತ್ಕೊಂಡ್ರೆ ಒಲೆ ನೇರವಾಗಿ ಕಾಣತ್ತೆ ಅತ್ತೆ. ಅಜ್ಜಿ ಸಾರು ಮಾಡ್ಲಿ, ನೀವು ಗಾಜು ಮಾಡಿ. ಬಾಗಿಲಿಗೆ ಮೇಲ್ಗಡೆ ಚಿಲಕ ಹಾಕಿಸ್ತೀನಿ, ಇವಳ ಕೈಗೆ ಸಿಗದ ಹಾಗೆ.” ಆಮೇಲೆ ತುಸು ತಡೆದು, “ಸೀಸ ಮಾತ್ರ ಬೇಡ,” ಎಂದಳು.

ಮೂರು ವಾರ ಯಾರಿಗೂ ಹೊಳೆಯದಿದ್ದ ಮಾತು ಟೇಪಿನಲ್ಲಿ ಎರಡು ನಿಮಿಷಕ್ಕೆ ಮುಗಿಯಿತು. ಬದರಿನಾಥರು ಬಹಳ ಹೊತ್ತು ಅನ್ನ ಕಲಸುತ್ತಲೇ ಇದ್ದರು. ಊಟವಾದ ಮೇಲೆ ತಂಗಿಗೆ ತಾವೇ ಫೋನ್ ಮಾಡಿ, ಕಥೆಯನ್ನು ಮೊದಲಿಂದ ತಿದ್ದಿ ಹೇಳಿದರು. ಈ ಸಲದ ಮಸಾಲೆಯೆಲ್ಲ ಹೆಂಡತಿಯ ಕಡೆಗಿತ್ತು. ಮರುದಿನ ಹನ್ನೊಂದಕ್ಕೆ ಡಿಕಾಕ್ಷನ್ ಎಲ್ಲಿದೆ ಎಂದು ಕೇಳಿಕೊಂಡು ತಾವೇ ಅಡುಗೆಮನೆಗೆ ಬಂದರು. ಕಾಫಿ ನೀರಾಗಿತ್ತು. ಕುಡಿದರು.

ಮೇಜು ಬಂತು, ಚಿಲಕ ಬಂತು, ಡಬ್ಬಿ ಅಟ್ಟದಿಂದ ಇಳಿಯಿತು. ತಂತಿ ಮಾತ್ರ ಬರಲಿಲ್ಲ. ತಾಮ್ರ ಸುತ್ತಿದ ಬಿಲ್ಲೆಗಳನ್ನು ಜೋಡಿಸಿಕೊಂಡು ಸೀತಾಲಕ್ಷ್ಮಿ ಕೈಕಟ್ಟಿ ಕೂತಿದ್ದನ್ನು ಅಮ್ಮಣ್ಣಿ ಎರಡು ದಿನ ನೋಡಿದರು. ಇದೇಕೆ ಹೀಗೆ ಕೂತಿದ್ದೀಯ ಎಂದು ಕೇಳಿದರು. ಸೀಸವಿಲ್ಲದ ಬೆಸುಗೆ ಬೇಕು, ಅದು ಹೆಚ್ಚುಕಡಿಮೆ ಬರೀ ತವರ, ಸಿಗುತ್ತಿಲ್ಲ ಎಂದು ಅವಳು ಹೇಳಿದಳು.

“ತವರ ಅಂದ್ರೆ ಈಯ ತಾನೇ?”

“ಹೌದಮ್ಮ.”

ಅಮ್ಮಣ್ಣಿ ತಮ್ಮ ಕೋಣೆಗೆ ಹೋಗಿ ಟ್ರಂಕು ತೆರೆದರು. ಹಳೆಯ ಸೀರೆಯ ತುಂಡಿನಲ್ಲಿ ಸುತ್ತಿಟ್ಟಿದ್ದನ್ನು ತಂದು ಮೇಜಿನ ಮೇಲಿಟ್ಟರು. ಕಟ್ಟೆಯ ಕಲ್ಲಿನಿಂದ ಕೆರೆದು ತೆಗೆದ ಚೊಂಬಿನ ಗಟ್ಟಿ. ಒಂದು ತುದಿಯಲ್ಲಿ ಕಂಠದ ಸುತ್ತು ಇನ್ನೂ ಗುರುತು ಸಿಗುವಂತಿತ್ತು.

“ಇದರಲ್ಲಿ ಸೀಸ ಇದ್ರೆ ಅಮ್ಮ? ಹಳೇ ಕಾಲದ್ದು.”

ಅಮ್ಮಣ್ಣಿಗೆ ಆ ಮಾತು ಹಿಡಿಸಲಿಲ್ಲ. ಬದರಿನಾಥರ ಪೇಪರನ್ನು ಎಳೆದುಕೊಂಡು ಅದರ ಬಿಳಿ ಅಂಚಿನ ಮೇಲೆ ಗಟ್ಟಿಯನ್ನು ಒತ್ತಿ ಉಜ್ಜಿದರು. ಸೀಸವಿದ್ದರೆ ಪೆನ್ಸಿಲ್ಲಿನಂತೆ ಕಪ್ಪು ಗೆರೆ ಮೂಡುತ್ತದೆ. ಪೇಪರು ಬಿಳಿಯಾಗಿಯೇ ಉಳಿಯಿತು. ಅಪ್ಪ ಅಂಗಡಿಯ ಗೋಡೆಗೆ ಹೀಗೇ ಉಜ್ಜಿ ನೋಡಿ ಏಳು ಚೊಂಬು ಬೇಡವೆಂದು, ಎಂಟನೆಯದು ತಂದರು ಎಂದರು. ಲ್ಯಾಬಿನಲ್ಲಿ ಕೆಲಸ ಮಾಡಿದವಳ ಬುದ್ಧಿ ಅಷ್ಟಕ್ಕೇ ಬಿಡುತ್ತದೆಯೇ? ಸೀತಾಲಕ್ಷ್ಮಿ ಒಂದು ಚೂರು ಕತ್ತರಿಸಿ, ಪರಿಚಯದ ಪರೀಕ್ಷಾಲಯಕ್ಕೆ ಕಳಿಸಿದಳು. ಐದು ದಿನಕ್ಕೆ ವರದಿ ಬಂತು. ಸೀಸವಿಲ್ಲ. ಇಂಚರ ವರದಿಯನ್ನು ಎರಡು ಸಲ ಓದಿದಳು. ಅಮ್ಮಣ್ಣಿ ಅದನ್ನು ಕೈಯಲ್ಲೂ ಮುಟ್ಟಲಿಲ್ಲ.

ಗಟ್ಟಿಯನ್ನು ಹಳೆಯ ಸೌಟಿನಲ್ಲಿ ಕರಗಿಸಿ, ಎಲ್ ಆಕಾರಕ್ಕೆ ಬಾಗಿದ ಕಬ್ಬಿಣದ ಆಂಗಲ್ ತುಂಡಿನ ಸಂದಿಯಲ್ಲಿ ಹುಯ್ದು ಸಣ್ಣ ಕಡ್ಡಿಗಳನ್ನು ಮಾಡಿದ್ದಾಯಿತು. ಅಂಗಡಿಯ ತಂತಿಯಷ್ಟು ಸಲೀಸಾಗಿ ಹರಿಯಲಿಲ್ಲ. ಮೊದಲ ಸಾಲು ಗಂಟುಗಂಟಾಯಿತು, ಮತ್ತೆ ಕಾಯಿಸಿ ಸರಿಮಾಡಿದಳು. ಒಂದು ವಾರ ಹಿಡಿಯಿತು. ಬೆಳಿಗ್ಗೆ ಒಂಬತ್ತಕ್ಕೆ ಅಮ್ಮಣ್ಣಿ ಒಲೆಯ ಮುಂದೆ, ಸೀತಾಲಕ್ಷ್ಮಿ ನಾಲ್ಕು ಹೆಜ್ಜೆ ಹಿಂದೆ ಮೇಜಿನ ಮುಂದೆ. ಅಮ್ಮಣ್ಣಿ ಪಾತ್ರೆಗೆ ನೀರು ಹಾಕಿದ ಮೇಲೆ ಒಮ್ಮೆ ಹಿಂದಕ್ಕೆ ತಿರುಗಿ ನೋಡುವರು. ಸೀತಾಲಕ್ಷ್ಮಿ ತಲೆಯಾಡಿಸುವಳು. ಆಮೇಲೆ ಒಲೆ ಹೊತ್ತುವುದು. ಹೀಗೆಂದು ಇಬ್ಬರೂ ಮಾತಾಡಿಕೊಂಡಿರಲಿಲ್ಲ.

ನವರಾತ್ರಿಗೆ ನಾಲ್ಕು ದಿನವಿದ್ದಾಗ ಫಲಕ ಮುಗಿಯಿತು. ಒಂದೂವರೆ ಅಡಿ ಅಗಲ, ಒಂದಡಿ ಎತ್ತರ. ತಿಳಿ ಬಿಳಿಯ ನಡುವೆ ಇಪ್ಪತ್ತೆರಡು ಗುಲಾಬಿ ಬಿಲ್ಲೆ, ಒಂದು ನೇರಳೆ. ಎಲ್ಲದರ ಸುತ್ತ ಚೊಂಬಿನ ಮಂಕು ಬೆಳ್ಳಿ. ಅವಳು ಅದನ್ನು ಯುಟಿಲಿಟಿಯ ಕಿಟಕಿಗೆ ಎತ್ತಿ ಹಿಡಿದಳು. ಬಿಸಿಲು ಹಾಯ್ದು ಅಡುಗೆಮನೆಯ ನೆಲದ ಮೇಲೆ, ಒಲೆಯ ಕಟ್ಟೆಯ ಮೇಲೆ, ಅಮ್ಮಣ್ಣಿಯವರ ಬಿಳಿ ಸೆರಗಿನ ಮೇಲೆ ಗುಲಾಬಿ ಬಿಲ್ಲೆಗಳು ಬಿದ್ದವು. ಮೂವತ್ತನಾಲ್ಕು ವರ್ಷ ಒಂದೇ ಕಣ್ಣಿನಲ್ಲಿ, ಒಬ್ಬಳೇ ನೋಡಿದ್ದನ್ನು ಈಗ ಮನೆಯವರೆಲ್ಲ ನೋಡುತ್ತಿದ್ದರು. ಅವಳಿಗೆ ತುಂಬಾ ಸಂತೋಷವಾಯಿತು. ಬದರಿನಾಥರು ಹಾಗಲಕಾಯಿಯ ಸುದ್ದಿ ಎತ್ತಲಿಲ್ಲ. ಸಮನ್ವಿತಾ ನೆಲದ ಮೇಲಿನ ಬಿಲ್ಲೆಗಳನ್ನು ಕಾಲಿನಿಂದ ತುಳಿಯುತ್ತ ಎಣಿಸತೊಡಗಿದಳು. ಹನ್ನೆರಡರ ಮೇಲೆ ಅವಳಿಗೆ ಬರುತ್ತಿರಲಿಲ್ಲ.

ಅಮ್ಮಣ್ಣಿ ಸೌಟು ಹಿಡಿದೇ ಹತ್ತಿರ ಬಂದರು.

“ಸಾರಿನ ಮೇಲೆ ತುಪ್ಪ ಬಿಟ್ರೆ ಹಿಂಗೇ ತೇಲತ್ತೆ,” ಎಂದರು. ಬೆಸುಗೆಯ ಒಂದು ಗೆರೆಯ ಮೇಲೆ ಬೆರಳಿಟ್ಟು ಈ ತುದಿಯಿಂದ ಆ ತುದಿಗೆ ಸವರಿದರು. ತಣ್ಣಗಿತ್ತು. ಕೈ ಸ್ವಲ್ಪ ಹೊತ್ತು ಅಲ್ಲೇ ನಿಂತಿತು.

“ಇದನ್ನ ಈಗ ಒಲೆ ಮೇಲೆ ಇಟ್ರೆ ಕರಗತ್ತಾ ಸೀತಾ?”

ಅತ್ತೆಗೆ ಸುಳ್ಳು ಹೇಳಲು ಸೀತಾಲಕ್ಷ್ಮಿಗೆ ಮನಸ್ಸು ಬರಲಿಲ್ಲ.

“ಕರಗತ್ತಮ್ಮ.”

ಅಮ್ಮಣ್ಣಿ ಕಿಟಕಿಯ ಚೌಕಟ್ಟಿನಲ್ಲಿ ಭಾರ್ಗವ ಹೊಡೆದಿದ್ದ ಮೊಳೆಯನ್ನು ನೋಡಿದರು. ಕೈ ಚಾಚಿ ನೋಡಿದರು. ಬೆರಳು ಮೊಳೆಗೆ ತಾಗಿತು.

“ಹಂಗಾದ್ರೆ ಇನ್ನೂ ಸ್ವಲ್ಪ ಎತ್ತರಕ್ಕೆ ಹಾಕು,” ಎಂದರು. “ನನ್ನ ಕೈಗೆ ಸಿಗದ ಹಾಗೆ.”

ಸೀತಾಲಕ್ಷ್ಮಿ ಸ್ಟೂಲು ಎಳೆದುಕೊಂಡು ಹತ್ತಿದಳು. ಮೊಳೆ ಕಿತ್ತು ಒಂದು ಗೇಣು ಮೇಲಕ್ಕೆ ಹೊಡೆದಳು. ಅಷ್ಟು ಹೊತ್ತೂ ಅಮ್ಮಣ್ಣಿ ಕೆಳಗೆ ನಿಂತು ಸ್ಟೂಲನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದರು.